ಕುದುರೆಮುಖ ರಾಷ್ಟ್ರೀಯ ಉದ್ಯಾನ: ತುಂಗಭದ್ರೆಯ ಉಗಮಸ್ಥಾನಕ್ಕೆ ಭೇಟಿ ನೀಡುವವರಿಗೆ ಮಾಹಿತಿ

ಪೀಠಿಕೆ

ಹಾವೇರಿ ಜಿಲ್ಲೆಯ ಗಳಗನಾಥ ಗ್ರಾಮವು ವರದಾ ಮತ್ತು ತುಂಗಭದ್ರಾ ನದಿಗಳ ಸಂಗಮಸ್ಥಾನವಾಗಿದೆ. ಕಲ್ಯಾಣ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವು ಇಲ್ಲಿನ ನದೀತೀರದಲ್ಲಿಯೇ ಇದ್ದು, ಪಿರಮಿಡ್ಡಿನಂತೆ ಇಳಿಜಾರಾಗಿ ಕಟ್ಟಿದ ಅದರ ಗೋಡೆಗಳು ನೋಡುಗರ ಗಮನ ಸೆಳೆಯುತ್ತವೆ. ಇಲ್ಲಿ ಕೂಡುವ ಎರಡೂ ನದಿಗಳು ದೂರದ ಮಲೆನಾಡಿನಿಂದ ಹರಿದು ಬಂದವು. ವರದೆಯು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿ ಬನವಾಸಿಯ ಮೂಲಕ ಹರಿದು ಬರುತ್ತದೆ. ತುಂಗಭದ್ರೆಯ ಎರಡು ಕವಲುಗಳಾದ ತುಂಗಾ ಮತ್ತು ಭದ್ರಾ ನದಿಗಳು ಪಶ್ಚಿಮ ಘಟ್ಟದ ವರಾಹ ಪರ್ವತ ಶ್ರೇಣಿಯ ಗಂಗಾಮೂಲದಲ್ಲಿ ಹುಟ್ಟುತ್ತವೆ. ಈ ಶ್ರೇಣಿಯು ಇಂದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಯಲ್ಲಿದೆ.

ಹಾವೇರಿ, ರಾಣೇಬೆನ್ನೂರು ಹಾಗೂ ಬ್ಯಾಡಗಿ ತಾಲ್ಲೂಕುಗಳ ಜನರಿಗೆ ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವು ಚಿರಪರಿಚಿತ. 1974ರಲ್ಲಿ ಘೋಷಣೆಯಾದ, ಸುಮಾರು 119 ಚದರ ಕಿ.ಮೀ. ವಿಸ್ತೀರ್ಣದ ಈ ಅಭಯಾರಣ್ಯವು ಬಯಲುಸೀಮೆಯ ಕುರುಚಲು ಕಾಡು ಮತ್ತು ಹುಲ್ಲುಗಾವಲಿನ ಪ್ರದೇಶ. ಕುದುರೆಮುಖವು ಇದಕ್ಕಿಂತ ತೀರ ಭಿನ್ನವಾದ ಪರ್ವತ ಪ್ರದೇಶವಾದರೂ ಈ ಭಾಗದ ಜನಜೀವನಕ್ಕೆ ಅಷ್ಟೇ ಸಮೀಪದ್ದು. ಹಾವೇರಿ ಹಾಗೂ ರಾಣೇಬೆನ್ನೂರು ಪಟ್ಟಣಗಳ ಕುಡಿಯುವ ನೀರು ತುಂಗಭದ್ರೆಯದು. ತುಂಗಾ ಮೇಲ್ದಂಡೆ ಯೋಜನೆಯ ಕಾಲುವೆಯ ಮೂಲಕ ಜಿಲ್ಲೆಯ ಹೊಲಗಳಿಗೆ ಬರುವ ನೀರೂ ಇದೇ ಪರ್ವತಗಳಿಂದ ಹರಿದು ಬಂದದ್ದು. ಉದ್ಯಾನಕ್ಕೆ ಭೇಟಿ ನೀಡುವವರಿಗೆ ಅಗತ್ಯವಾದ ಮಾಹಿತಿಯನ್ನು ಹಾಗೂ ಅಲ್ಲಿ ಜಾರಿಯಲ್ಲಿರುವ ನಿಯಮಗಳ ಹಿಂದಿನ ಕಾರಣಗಳನ್ನು ಈ ಲೇಖನದಲ್ಲಿ ನೀಡಲಾಗಿದೆ.

ಸ್ಥಾನ ಮತ್ತು ವಿಸ್ತೀರ್ಣ

ಕುದುರೆಮುಖ ರಾಷ್ಟ್ರೀಯ ಉದ್ಯಾನವು ಚಿಕ್ಕಮಗಳೂರು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿಕೊಂಡಿದ್ದು, ಸುಮಾರು 600 ಚದರ ಕಿ.ಮೀ. ವಿಸ್ತೀರ್ಣವನ್ನು ಹೊಂದಿದೆ. 1983–84ರಲ್ಲಿ ವನ್ಯಜೀವಿ ವಿಜ್ಞಾನಿ ಡಾ. ಕೆ. ಉಲ್ಲಾಸ ಕಾರಂತ ಅವರು ಕರ್ನಾಟಕದಲ್ಲಿ ಸಿಂಗಳೀಕಗಳ ನೆಲೆಗಳನ್ನು ಕುರಿತು ಸಮೀಕ್ಷೆ ನಡೆಸಿದರು. ಅದರ ಆಧಾರದ ಮೇಲೆ ಈ ಪ್ರದೇಶಕ್ಕೆ ವಿಶೇಷ ರಕ್ಷಣೆ ನೀಡಬೇಕೆಂಬ ಶಿಫಾರಸು ಮಾಡಲಾಯಿತು. 1987ರಲ್ಲಿ ರಾಜ್ಯ ಸರ್ಕಾರವು ಈ ಅರಣ್ಯವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸುವ ಉದ್ದೇಶದ ಅಧಿಸೂಚನೆಯನ್ನು ಹೊರಡಿಸಿತು. 2012ರಲ್ಲಿ ಯುನೆಸ್ಕೊ ಸಂಸ್ಥೆಯು ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅದರಲ್ಲಿ ಸ್ಥಾನ ಪಡೆಯಿತು. ಉದ್ಯಾನದ ಆಡಳಿತವನ್ನು ಅರಣ್ಯ ಇಲಾಖೆಯ ಕುದುರೆಮುಖ ವನ್ಯಜೀವಿ ವಿಭಾಗವು ನೋಡಿಕೊಳ್ಳುತ್ತದೆ. ವಿಭಾಗದ ಕಚೇರಿಯು ಕಾರ್ಕಳದಲ್ಲಿದೆ.

ಇಲ್ಲಿನ ಪ್ರಮುಖ ಶಿಖರವು ಒಂದು ಪಾರ್ಶ್ವದಿಂದ ಕುದುರೆಯ ಮುಖದಂತೆ ಕಾಣುವುದರಿಂದ ಈ ಹೆಸರು ಬಂದಿದೆ. ಶಿಖರದ ಎತ್ತರವು ಸಮುದ್ರಮಟ್ಟದಿಂದ ಸುಮಾರು 1,894 ಮೀಟರ್. ಶಿಖರದ ಪಶ್ಚಿಮಕ್ಕೆ ಬೆಟ್ಟವು ಕರಾವಳಿಯ ಕಡೆಗೆ ಕಡಿದಾಗಿ ಇಳಿಯುತ್ತದೆ. ಪೂರ್ವಕ್ಕೆ ಗುಡ್ಡಗಳ ಸಾಲು ಮಲೆನಾಡಿನೊಳಗೆ ಮುಂದುವರಿಯುತ್ತದೆ.

ಹಿಮಸರೋವರಗಳಿಲ್ಲದ ಪರ್ವತದಲ್ಲಿ ನೀರಿನ ಸಂಗ್ರಹ

ಪರ್ವತ ಪ್ರದೇಶದ ರಾಷ್ಟ್ರೀಯ ಉದ್ಯಾನ ಎಂದೊಡನೆ ಅನೇಕರಿಗೆ ಹಿಮಾಲಯದ ನೀಲಿ ಸರೋವರಗಳು ನೆನಪಾಗುತ್ತವೆ. ಅಲ್ಲಿ ಹಿಮನದಿಗಳು ಸಾವಿರಾರು ವರ್ಷ ನಿಧಾನವಾಗಿ ಚಲಿಸುತ್ತ ಬಂಡೆಯನ್ನು ಕೊರೆದು ತಗ್ಗುಗಳನ್ನು ಮಾಡುತ್ತವೆ. ಅವು ಹೊತ್ತು ತಂದ ಕಲ್ಲುಮಣ್ಣಿನ ದಿಬ್ಬಗಳು ಕರಗಿದ ನೀರಿಗೆ ಅಡ್ಡಲಾಗಿ ನಿಂತಾಗ ಸರೋವರಗಳು ಉಂಟಾಗುತ್ತವೆ. ಹಿಮಾಲಯದ ನದಿಗಳಿಗೆ ಬೇಸಿಗೆಯಲ್ಲಿ ನೀರು ದೊರೆಯುವುದರಲ್ಲಿ ಹಿಮ ಮತ್ತು ಹಿಮನದಿಗಳ ಪಾತ್ರ ದೊಡ್ಡದು. ಇಂತಹ ಸರೋವರಗಳ ದಂಡೆ ಒಡೆದರೆ ಅನಾಹುತವೂ ಸಂಭವಿಸುತ್ತದೆ. 2023ರ ಅಕ್ಟೋಬರ್ ತಿಂಗಳಿನಲ್ಲಿ ಸಿಕ್ಕಿಂನ ದಕ್ಷಿಣ ಲ್ಹೋನಕ್ ಸರೋವರವು ಉಕ್ಕಿ ತೀಸ್ತಾ ನದಿಯಲ್ಲಿ ಭೀಕರ ಪ್ರವಾಹ ಉಂಟಾದುದು ಇದಕ್ಕೆ ಉದಾಹರಣೆ.

ಸಹ್ಯಾದ್ರಿಯಲ್ಲಿ ಹಿಮನದಿಯೂ ಇಲ್ಲ, ಹಿಮಸರೋವರವೂ ಇಲ್ಲ. ಕುದುರೆಮುಖ ಪ್ರದೇಶದಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆಯಾಗುತ್ತದೆ. ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಸುರಿಯುತ್ತದೆ. ರಾಣೇಬೆನ್ನೂರು, ಬ್ಯಾಡಗಿ ಭಾಗದಲ್ಲಿ ವರ್ಷವಿಡೀ ಬೀಳುವ ಮಳೆಯ ಸುಮಾರು ಹತ್ತು ಪಟ್ಟು ನೀರು ಈ ಗುಡ್ಡಗಳ ಮೇಲೆ ಬೀಳುತ್ತದೆ. ಆ ನೀರೆಲ್ಲವೂ ಕೂಡಲೇ ಹರಿದುಹೋದರೆ ಮಳೆಗಾಲದಲ್ಲಿ ಪ್ರವಾಹ, ಬೇಸಿಗೆಯಲ್ಲಿ ಬರಿದಾದ ಹೊಳೆ ಎಂಬ ಸ್ಥಿತಿ ಉಂಟಾಗುತ್ತದೆ.

ಇದನ್ನು ತಡೆಯುವುದು ಶೋಲಾ ಕಾಡು ಮತ್ತು ಹುಲ್ಲುಗಾವಲುಗಳ ಜೋಡಣೆ. ಗುಡ್ಡಗಳ ನೆತ್ತಿ ಹಾಗೂ ಇಳಿಜಾರುಗಳನ್ನು ಹುಲ್ಲು ಹೊದ್ದಿರುತ್ತದೆ. ಎರಡು ಗುಡ್ಡಗಳ ನಡುವಿನ ಕಣಿವೆಯ ಮಡಿಲಲ್ಲಿ, ನೀರಿನ ಹಾದಿಯ ಗುಂಟ, ಗಿಡ್ಡನೆಯ ದಟ್ಟ ನಿತ್ಯಹರಿದ್ವರ್ಣ ಮರಗಳ ಗುಂಪು ಬೆಳೆದಿರುತ್ತದೆ. ಇದನ್ನೇ ಶೋಲಾ ಎನ್ನುವರು. ಹುಲ್ಲಿನ ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ. ಶೋಲಾ ಕಾಡಿನ ನೆಲದಲ್ಲಿ ಕೊಳೆತ ಎಲೆಗಳ ದಪ್ಪ ಪದರವು ಮಳೆನೀರನ್ನು ಹೀರಿಕೊಂಡು ನಿಧಾನವಾಗಿ ತೊರೆಗಳಿಗೆ ಬಿಡುತ್ತದೆ. ಮಳೆ ನಿಂತು ತಿಂಗಳುಗಳು ಕಳೆದ ಮೇಲೂ ಇಲ್ಲಿನ ಝರಿಗಳಲ್ಲಿ ನೀರು ಹರಿಯುವುದಕ್ಕೆ ಇದು ಮುಖ್ಯ ಕಾರಣ. ಹಿಮಾಲಯದಲ್ಲಿ ಹಿಮವು ಮಾಡುವ ಕೆಲಸವನ್ನು ಇಲ್ಲಿ ಮಣ್ಣು, ಹುಲ್ಲು ಮತ್ತು ಮರಗಳು ಮಾಡುತ್ತವೆ.

ಹುಲ್ಲುಗಾವಲು ಕಾಡು ಕಡಿದು ಉಳಿದ ಪಾಳುಭೂಮಿಯೆಂಬ ತಪ್ಪು ಕಲ್ಪನೆ ಸಾಮಾನ್ಯವಾಗಿದೆ. ಶೋಲಾ ಮತ್ತು ಹುಲ್ಲುಗಾವಲು ಎರಡೂ ಸೇರಿ ಒಂದೇ ಸ್ವಾಭಾವಿಕ ವ್ಯವಸ್ಥೆ. ಹುಲ್ಲುಗಾವಲಿನಲ್ಲಿ ಬೆಂಕಿ ಹಬ್ಬಿದರೆ ಅಥವಾ ವಾಹನಗಳ ಚಕ್ರ ಹಾಯ್ದು ಹುಲ್ಲಿನ ಹೊದಿಕೆ ಕಿತ್ತುಹೋದರೆ ಮುಂದಿನ ಮಳೆಗೆ ಅಲ್ಲಿನ ಮಣ್ಣು ಕೊಚ್ಚಿಕೊಂಡು ಹೊಳೆಯನ್ನು ಸೇರುತ್ತದೆ.

ಉದ್ಯಾನದಿಂದ ಗಳಗನಾಥದವರೆಗೆ ನದಿಯ ಹಾದಿ

ಸುಮಾರು 147 ಕಿ.ಮೀ. ಉದ್ದದ ತುಂಗಾ ನದಿಯು ಶೃಂಗೇರಿ, ತೀರ್ಥಹಳ್ಳಿ, ಮಂಡಗದ್ದೆ, ಗಾಜನೂರು ಹಾಗೂ ಶಿವಮೊಗ್ಗದ ಮೂಲಕ ಹರಿಯುತ್ತದೆ. ಭದ್ರಾ ನದಿಯು ಕುದುರೆಮುಖ, ಕಳಸ, ಬಾಳೆಹೊನ್ನೂರುಗಳನ್ನು ಹಾದು ಲಕ್ಕವಳ್ಳಿಯ ಭದ್ರಾ ಜಲಾಶಯವನ್ನು ಸೇರಿ, ಅಲ್ಲಿಂದ ಭದ್ರಾವತಿಯ ಮೂಲಕ ಮುಂದುವರಿಯುತ್ತದೆ. ಭದ್ರಾ ಜಲಾಶಯದ ಗರಿಷ್ಠ ಮಟ್ಟ 186 ಅಡಿ, ಸಂಗ್ರಹ ಸಾಮರ್ಥ್ಯ ಸುಮಾರು 71.5 ಟಿ.ಎಂ.ಸಿ. ಶಿವಮೊಗ್ಗದ ಸಮೀಪದ ಕೂಡಲಿಯಲ್ಲಿ ಎರಡೂ ನದಿಗಳು ಸೇರಿ ತುಂಗಭದ್ರೆ ಎನಿಸುತ್ತವೆ. ಅಲ್ಲಿಂದ ನದಿಯು ಹೊನ್ನಾಳಿ, ಹರಿಹರಗಳನ್ನು ದಾಟಿ ರಾಣೇಬೆನ್ನೂರು ತಾಲ್ಲೂಕಿನ ಅಂಚಿನಲ್ಲಿ ಹರಿದು ಗಳಗನಾಥವನ್ನು ತಲುಪುತ್ತದೆ. ಕೂಡಲಿಯಿಂದ ಕೃಷ್ಣಾ ನದಿಯನ್ನು ಸೇರುವವರೆಗೆ ತುಂಗಭದ್ರೆಯ ಉದ್ದ ಸುಮಾರು 531 ಕಿ.ಮೀ.

ಉಗಮಸ್ಥಾನದ ಸ್ಥಿತಿಗತಿಯು ಕೆಳಹರಿವಿನ ಜನರನ್ನು ನೇರವಾಗಿ ತಟ್ಟುತ್ತದೆ. 2019ರ ಆಗಸ್ಟ್ ತಿಂಗಳಿನಲ್ಲಿ ವರದಾ, ತುಂಗಭದ್ರಾ ಮೊದಲಾದ ನದಿಗಳ ಪ್ರವಾಹದಿಂದ ಹಾವೇರಿ ಜಿಲ್ಲೆಯ ನದೀತೀರದ ಗ್ರಾಮಗಳಲ್ಲಿ ಬೆಳೆ ಮತ್ತು ಮನೆಗಳಿಗೆ ಹಾನಿಯಾಯಿತು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಿಸಲ್ಪಟ್ಟವು. ಅದರ ಪರಿಣಾಮವಾಗಿ 2024ರ ಆರಂಭದ ತಿಂಗಳುಗಳಲ್ಲಿ ತುಂಗಭದ್ರೆಯ ಹರಿವು ಕ್ಷೀಣಿಸಿ, ಹಾವೇರಿ ಮತ್ತು ಗದಗ ಭಾಗದ ಕುಡಿಯುವ ನೀರಿಗಾಗಿ ಭದ್ರಾ ಜಲಾಶಯದಿಂದ ನದಿಗೆ ನೀರು ಹರಿಸಬೇಕಾಯಿತು. ಮಳೆಯ ಪ್ರಮಾಣವು ಮನುಷ್ಯನ ಕೈಯಲ್ಲಿಲ್ಲ. ಬಿದ್ದ ಮಳೆಯನ್ನು ಹಿಡಿದಿಡುವ ಗುಡ್ಡಗಳನ್ನು ಕಾಪಾಡುವುದು ಮಾತ್ರ ಸಾಧ್ಯವಿದೆ.

ಗಣಿಗಾರಿಕೆಯ ಇತಿಹಾಸ

ಕುದುರೆಮುಖದ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಇರುವುದನ್ನು 1913ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಪಿ. ಸಂಪತ್ ಅಯ್ಯಂಗಾರ್ ಅವರು ಗುರುತಿಸಿದರು. 1976ರಲ್ಲಿ ಕೇಂದ್ರ ಸರ್ಕಾರದ ಉದ್ದಿಮೆಯಾಗಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯು ಸ್ಥಾಪನೆಯಾಯಿತು. ಇರಾನ್ ದೇಶಕ್ಕೆ ಅದಿರು ಪೂರೈಸುವುದು ಇದರ ಮೂಲ ಉದ್ದೇಶವಾಗಿತ್ತು. ಇಲ್ಲಿನ ಅದಿರು ಕಡಿಮೆ ದರ್ಜೆಯ ಮ್ಯಾಗ್ನಟೈಟ್ ಆದುದರಿಂದ ಅದನ್ನು ಪುಡಿಮಾಡಿ, ಕಬ್ಬಿಣದ ಅಂಶವನ್ನು ಬೇರ್ಪಡಿಸಿ, ನೀರಿನೊಂದಿಗೆ ಬೆರೆಸಿ, ಸುಮಾರು 67 ಕಿ.ಮೀ. ಉದ್ದದ ಕೊಳವೆಯ ಮೂಲಕ ಮಂಗಳೂರಿನ ಪಣಂಬೂರಿಗೆ ಸಾಗಿಸಲಾಗುತ್ತಿತ್ತು. ನೌಕರರಿಗಾಗಿ ಮಲ್ಲೇಶ್ವರ ಎಂಬಲ್ಲಿ ಶಾಲೆ, ಆಸ್ಪತ್ರೆಗಳುಳ್ಳ ಪಟ್ಟಣವೊಂದು ಬೆಳೆಯಿತು. ಇಂದು ಕುದುರೆಮುಖ ಪಟ್ಟಣವೆಂದು ಕರೆಯುವುದು ಇದನ್ನೇ.

ಅದಿರು ಬೇರ್ಪಡಿಸಿದ ನಂತರ ಉಳಿಯುವ ನುಣ್ಣನೆಯ ಕಲ್ಲುಪುಡಿಯನ್ನು ಸಂಗ್ರಹಿಸಲು ಭದ್ರೆಯ ಉಪತೊರೆಯಾದ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಮಣ್ಣಿನ ಅಣೆಕಟ್ಟನ್ನು ಕಟ್ಟಲಾಯಿತು. ಆದರೆ ಗುಡ್ಡದ ಹೊದಿಕೆಯನ್ನು ತೆಗೆದ ಜಾಗದಿಂದ ಮಳೆಗಾಲದಲ್ಲಿ ಕೊಚ್ಚಿಹೋಗುವ ಹೂಳು ಭದ್ರಾ ನದಿಯನ್ನು ಸೇರುತ್ತಿತ್ತು. ಗಣಿ ಪ್ರದೇಶವು ಜಲಾನಯನದ ಚಿಕ್ಕ ಭಾಗವಾಗಿದ್ದರೂ ನದಿಯ ಹೂಳಿನಲ್ಲಿ ಅದರ ಪಾಲು ಬಹಳ ದೊಡ್ಡದೆಂಬುದು ಅಧ್ಯಯನಗಳಿಂದ ಕಂಡುಬಂದಿತು.

1969ರಿಂದ ಜಾರಿಯಲ್ಲಿದ್ದ 30 ವರ್ಷಗಳ ಗಣಿ ಗುತ್ತಿಗೆಯು 1999ರಲ್ಲಿ ಮುಗಿಯಿತು. ಗುತ್ತಿಗೆಯ ನವೀಕರಣದ ವಿಚಾರದಲ್ಲಿ ಪರಿಸರಾಸಕ್ತರ ವಿರೋಧ ವ್ಯಕ್ತವಾಯಿತು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ವಿಚಾರಣೆ ನಡೆಸಿದ ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರ್ 30ರಂದು ತೀರ್ಪು ನೀಡಿ, 2005ರ ಅಂತ್ಯದೊಳಗೆ ಗಣಿಗಾರಿಕೆಯನ್ನು ನಿಲ್ಲಿಸುವಂತೆ ಆದೇಶಿಸಿತು. ಅದರಂತೆ 2005ರ ಡಿಸೆಂಬರ್ 31ರಂದು ಗಣಿಗಾರಿಕೆ ಸ್ಥಗಿತಗೊಂಡಿತು. ಈ ನಿರ್ಧಾರದಿಂದ ನದಿಗೆ ಒಳಿತಾಯಿತಾದರೂ, ಗಣಿಯನ್ನೇ ಅವಲಂಬಿಸಿದ್ದ ನೌಕರರ ಕುಟುಂಬಗಳು ಊರು ಬಿಡಬೇಕಾಯಿತು, ಪಟ್ಟಣದ ಬಹುಪಾಲು ಮನೆಗಳು ಬರಿದಾದವು. ಹಾಗೆಯೇ ಉದ್ಯಾನದೊಳಗೆ ತಲೆಮಾರುಗಳಿಂದ ನೆಲೆಸಿದ್ದ ಕುಟುಂಬಗಳಲ್ಲಿ ಕೆಲವು ಸ್ವಯಂಪ್ರೇರಿತ ಪುನರ್ವಸತಿ ಯೋಜನೆಯಡಿ ಹೊರಗೆ ನೆಲೆಸಿವೆ. ಇನ್ನು ಕೆಲವು ಅಲ್ಲಿಯೇ ಮುಂದುವರಿದಿವೆ. ಗಳಗನಾಥದವರೆಗಿನ ನೀರಿನ ರಕ್ಷಣೆಗಾಗಿ ಮೇಲಿನವರು ತೆತ್ತ ಬೆಲೆ ಇದೆಂಬುದನ್ನು ಕೆಳಹರಿವಿನ ಪ್ರವಾಸಿಗರು ತಿಳಿದಿರುವುದು ಸೂಕ್ತ.

ಹೂಳಿನ ಸಮಸ್ಯೆಯ ತೀವ್ರತೆಯನ್ನು ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ ಕಾಣಬಹುದು. ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ಇದ್ದ ಅದರ ಸಾಮರ್ಥ್ಯವು ಹೂಳು ತುಂಬಿ ಸುಮಾರು 105.8 ಟಿ.ಎಂ.ಸಿ.ಗೆ ಇಳಿದಿದೆ. ಈ ಹೂಳು ಒಂದು ಗಣಿಯಿಂದ ಬಂದದ್ದಲ್ಲ. ಇಡೀ ಜಲಾನಯನ ಪ್ರದೇಶದ ಸವೆದ ಮಣ್ಣು ಅದರಲ್ಲಿದೆ. ಒಮ್ಮೆ ಗುಡ್ಡದಿಂದ ಇಳಿದ ಮಣ್ಣನ್ನು ಮತ್ತೆ ಮೇಲಕ್ಕೆ ಸಾಗಿಸಲು ಸಾಧ್ಯವಿಲ್ಲ.

ವನ್ಯಜೀವಿ ಸಂಪತ್ತು

ಸಿಂಗಳೀಕವು ಈ ಉದ್ಯಾನದ ವಿಶಿಷ್ಟ ಪ್ರಾಣಿ. ಮುಖದ ಸುತ್ತಲೂ ಬೂದುಬಣ್ಣದ ಕೇಸರ ಹಾಗೂ ತುದಿಯಲ್ಲಿ ಕುಚ್ಚುಳ್ಳ ಬಾಲವಿರುವ ಈ ಕಪ್ಪು ಕೋತಿಯು ಪ್ರಪಂಚದಲ್ಲಿ ಪಶ್ಚಿಮ ಘಟ್ಟದ ಹೊರತು ಬೇರೆಲ್ಲಿಯೂ ಸ್ವಾಭಾವಿಕವಾಗಿ ವಾಸಿಸುವುದಿಲ್ಲ. ಇದು ಹೆಚ್ಚಿನ ಕಾಲವನ್ನು ಮರಗಳ ಮೇಲೆಯೇ ಕಳೆಯುವುದರಿಂದ ಕೊಂಬೆಗೆ ಕೊಂಬೆ ತಾಗುವ ಅಖಂಡ ಕಾಡು ಅದಕ್ಕೆ ಅತ್ಯಗತ್ಯ. ಹುಲಿ, ಚಿರತೆ, ಸೀಳುನಾಯಿ, ಕಾಟಿ, ಕಡವೆ, ಕರಡಿ, ಕೆಂದಳಿಲು, ಕಾಳಿಂಗ ಸರ್ಪ ಹಾಗೂ ಮಂಗಟ್ಟೆ ಹಕ್ಕಿಗಳೂ ಇಲ್ಲಿವೆ. ದಟ್ಟ ಕಾಡು ಮತ್ತು ಮಂಜಿನ ಕಾರಣ ದೊಡ್ಡ ಪ್ರಾಣಿಗಳು ಸುಲಭವಾಗಿ ಕಾಣಸಿಗುವುದಿಲ್ಲ. ಪ್ರಾಣಿಗಳನ್ನು ನೋಡುವುದಕ್ಕಿಂತ ಭೂದೃಶ್ಯವನ್ನು ನೋಡಲು ಬರುವವರಿಗೆ ಈ ಉದ್ಯಾನವು ಹೆಚ್ಚು ಸೂಕ್ತ.

ನೋಡತಕ್ಕ ಸ್ಥಳಗಳು

ಗಂಗಾಮೂಲ: ತುಂಗಾ, ಭದ್ರಾ ಮತ್ತು ನೇತ್ರಾವತಿ ನದಿಗಳ ಉಗಮಸ್ಥಾನವೆಂದು ಪರಂಪರೆಯಿಂದ ಪ್ರಸಿದ್ಧವಾದ ತಾಣ. ಮೊದಲ ಎರಡು ನದಿಗಳು ಪೂರ್ವಕ್ಕೆ ಹರಿದು ಬಂಗಾಳ ಕೊಲ್ಲಿಯ ಕಡೆಗೆ ಸಾಗಿದರೆ, ನೇತ್ರಾವತಿಯು ಪಶ್ಚಿಮಕ್ಕಿಳಿದು ಮಂಗಳೂರಿನ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಇದು ಸೂಕ್ಷ್ಮ ಪ್ರದೇಶವಾಗಿದ್ದು, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಹೋಗುವಂತಿಲ್ಲ. ಅನುಮತಿ ದೊರೆಯದಿದ್ದರೆ ಒತ್ತಾಯಿಸಬಾರದು.

ಹನುಮನಗುಂಡಿ ಜಲಪಾತ: ಸೂತನಬ್ಬೆ ಎಂದೂ ಕರೆಯುವ ಈ ಜಲಪಾತವು ಎಸ್.ಕೆ. ಬಾರ್ಡರ್ ಹಾಗೂ ಕುದುರೆಮುಖ ಪಟ್ಟಣದ ನಡುವಿನ ರಸ್ತೆಯ ಸಮೀಪದಲ್ಲಿದೆ. ಕೆಳಗಿಳಿಯಲು ಮೆಟ್ಟಿಲುಗಳಿವೆ. ವಯಸ್ಸಾದವರು ಹತ್ತುವಾಗಿನ ಶ್ರಮವನ್ನು ಮೊದಲೇ ಗಮನದಲ್ಲಿಟ್ಟುಕೊಳ್ಳಬೇಕು. ಹರಿವು ಹೆಚ್ಚಿರುವಾಗ ಪ್ರವೇಶವನ್ನು ನಿಲ್ಲಿಸಲಾಗುತ್ತದೆ.

ಕಡಾಂಬಿ ಜಲಪಾತ: ಇದೇ ರಸ್ತೆಯ ಬದಿಯಲ್ಲಿದ್ದು ವಾಹನದಿಂದಲೇ ಕಾಣುವ ಚಿಕ್ಕ ಜಲಪಾತ.

ಲಕ್ಯಾ ಅಣೆಕಟ್ಟು: ದೂರದಿಂದ ಬೆಟ್ಟಗಳ ನಡುವಿನ ಸರೋವರದಂತೆ ಕಾಣುವ ಇದು ಮೇಲೆ ಹೇಳಿದ ಗಣಿ ತ್ಯಾಜ್ಯದ ಸಂಗ್ರಹಾಗಾರ. ನೀರಿನಂಚಿನ ನೆಲವು ನುಣ್ಣನೆಯ ಹೂಳಿನಿಂದ ಕೂಡಿದ್ದು ಕಾಲು ಹೂತುಹೋಗುವ ಅಪಾಯವಿರುವುದರಿಂದ ಕೆಳಗಿಳಿಯಬಾರದು.

ಕುದುರೆಮುಖ ಶಿಖರದ ಚಾರಣ: ಕಳಸದ ಸಮೀಪದ ಸಂಸೆ ಮಾರ್ಗವಾಗಿ ಮುಳ್ಳೋಡಿ ಎಂಬಲ್ಲಿಂದ ಈ ಚಾರಣವು ಆರಂಭವಾಗುತ್ತದೆ. ಹೋಗಿ ಬರಲು ಸುಮಾರು 20 ಕಿ.ಮೀ. ನಡೆಯಬೇಕು. ದಾರಿಯಲ್ಲಿ ಹಲವು ಝರಿಗಳು, ಶೋಲಾ ಕಾಡುಗಳು ಹಾಗೂ ಒಂಟಿಮರ ಎಂಬ ವಿಶ್ರಾಂತಿ ಸ್ಥಳ ಸಿಗುತ್ತವೆ. ಬೆಳಿಗ್ಗೆ ಹೊರಟು ಸಂಜೆಯೊಳಗೆ ಹಿಂದಿರುಗಬೇಕು. ಶಿಖರದಲ್ಲಿ ಡೇರೆ ಹಾಕುವುದನ್ನು ಮತ್ತು ರಾತ್ರಿ ತಂಗುವುದನ್ನು ನಿಷೇಧಿಸಲಾಗಿದೆ.

ಇತರ ಚಾರಣಗಳು: ಕುರಿಂಜಾಲು, ಗಂಗಡಿಕಲ್ಲು ಹಾಗೂ ನೇತ್ರಾವತಿ ಶಿಖರಗಳಿಗೂ ಅನುಮತಿಯ ಮೇರೆಗೆ ಚಾರಣ ಮಾಡಬಹುದು. ದೀರ್ಘ ನಡಿಗೆ ಸಾಧ್ಯವಾಗದವರಿಗೆ ಕುರಿಂಜಾಲು ಚಾರಣವು ಹೆಚ್ಚು ಅನುಕೂಲಕರ.

ತಲುಪುವ ವಿಧಾನ

ಗಳಗನಾಥದಿಂದ ಗುತ್ತಲ ಮಾರ್ಗವಾಗಿ ಹಾವೇರಿಯನ್ನು ಅಥವಾ ರಾಣೇಬೆನ್ನೂರನ್ನು ತಲುಪಬೇಕು. ರಾಣೇಬೆನ್ನೂರಿನಿಂದ ಹರಿಹರ, ಮಲೇಬೆನ್ನೂರು, ಹೊನ್ನಾಳಿ ಮೂಲಕ ಶಿವಮೊಗ್ಗಕ್ಕೆ ಹೋಗಬಹುದು. ಬ್ಯಾಡಗಿಯವರಿಗೆ ಹಿರೇಕೆರೂರು, ಶಿಕಾರಿಪುರ ಮಾರ್ಗವು ಅನುಕೂಲಕರ. ಶಿವಮೊಗ್ಗದಿಂದ ರಾಷ್ಟ್ರೀಯ ಹೆದ್ದಾರಿ 169ರಲ್ಲಿ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಮಾರ್ಗವಾಗಿ ಕೆರೆಕಟ್ಟೆಯನ್ನು ತಲುಪಿದರೆ ಉದ್ಯಾನದ ಪ್ರದೇಶವು ಆರಂಭವಾಗುತ್ತದೆ. ಎಸ್.ಕೆ. ಬಾರ್ಡರ್ ಎಂಬಲ್ಲಿ ರಸ್ತೆಯು ಕವಲೊಡೆದು, ಒಂದು ಮಾಳ ಘಾಟಿಯ ಮೂಲಕ ಕಾರ್ಕಳಕ್ಕೂ ಮತ್ತೊಂದು ಕುದುರೆಮುಖ ಪಟ್ಟಣದ ಮೂಲಕ ಕಳಸಕ್ಕೂ ಹೋಗುತ್ತದೆ.

ಈ ಮಾರ್ಗವು ಬಹುಮಟ್ಟಿಗೆ ನದಿಯ ಹರಿವಿಗೆ ಎದುರಾಗಿ ಸಾಗುತ್ತದೆ. ಸಮಯವಿದ್ದವರು ಹರಿಹರದ ಹೊಯ್ಸಳ ಕಾಲದ ಹರಿಹರೇಶ್ವರ ದೇವಾಲಯ, ಕೂಡಲಿಯ ಸಂಗಮ, ಗಾಜನೂರಿನ ತುಂಗಾ ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆಯ ಪಕ್ಷಿಧಾಮ ಹಾಗೂ ಶೃಂಗೇರಿಯ ವಿದ್ಯಾಶಂಕರ ದೇವಾಲಯಗಳನ್ನು ಕ್ರಮವಾಗಿ ನೋಡುತ್ತ ಹೋಗಬಹುದು. ಗಳಗನಾಥದಲ್ಲಿ ವಿಶಾಲವಾಗಿ ಹರಿಯುವ ಹೊಳೆಯು ಕೆರೆಕಟ್ಟೆಯ ಬಳಿ ಕಲ್ಲುಗಳ ನಡುವಿನ ಕಿರಿದಾದ ತೊರೆಯಾಗಿ ಕಾಣುವುದು ಈ ಪ್ರಯಾಣದ ವಿಶೇಷ.

ರೈಲಿನಲ್ಲಿ ಬರುವವರು ಹಾವೇರಿ, ಬ್ಯಾಡಗಿ ಅಥವಾ ರಾಣೇಬೆನ್ನೂರಿನಿಂದ ಬೀರೂರು ಜಂಕ್ಷನ್‌ಗೆ ಬಂದು, ಅಲ್ಲಿಂದ ಶಿವಮೊಗ್ಗಕ್ಕೆ ಹೋಗಿ ರಸ್ತೆ ಮಾರ್ಗವನ್ನು ಹಿಡಿಯಬಹುದು. ಶೃಂಗೇರಿ, ಕಳಸ, ಹೊರನಾಡು ಮತ್ತು ಕಾರ್ಕಳಗಳಲ್ಲಿ ವಸತಿ ಸೌಕರ್ಯವಿದೆ. ಉದ್ಯಾನದೊಳಗಿನ ಭಗವತಿ ಪ್ರಕೃತಿ ಶಿಬಿರದಲ್ಲಿ ತಂಗಲು ಮುಂಗಡ ಕಾಯ್ದಿರಿಸುವಿಕೆ ಅಗತ್ಯ.

ಭೇಟಿಗೆ ಸೂಕ್ತ ಕಾಲ

ಅಕ್ಟೋಬರ್‌ನಿಂದ ಜನವರಿಯವರೆಗಿನ ಅವಧಿಯು ಅತ್ಯಂತ ಸೂಕ್ತ. ಈ ಕಾಲದಲ್ಲಿ ಹುಲ್ಲುಗಾವಲು ಹಸಿರಾಗಿದ್ದು ತೊರೆಗಳಲ್ಲಿ ನೀರಿರುತ್ತದೆ. ಫೆಬ್ರವರಿಯ ನಂತರ ಹುಲ್ಲು ಒಣಗಿ ಕಾಳ್ಗಿಚ್ಚಿನ ಅಪಾಯ ಹೆಚ್ಚುವುದರಿಂದ ಚಾರಣಗಳನ್ನು ಸ್ಥಗಿತಗೊಳಿಸುವ ಸಂಭವವಿರುತ್ತದೆ. ಮಳೆಗಾಲದಲ್ಲಿ ದಟ್ಟ ಮಂಜು, ಜಾರುವ ಹಾದಿ, ಏಕಾಏಕಿ ಉಕ್ಕುವ ಹಳ್ಳಗಳು ಹಾಗೂ ಇಂಬಳಗಳ ಕಾಟವಿದ್ದು, ಘಾಟಿ ರಸ್ತೆಗಳಲ್ಲಿ ಗುಡ್ಡ ಕುಸಿತದ ಸಾಧ್ಯತೆಯೂ ಇರುತ್ತದೆ.

ಪ್ರವೇಶ ಮತ್ತು ಅನುಮತಿ

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ಪ್ರವಾಸ, ಛಾಯಾಗ್ರಹಣ ಅಥವಾ ಅಧ್ಯಯನಕ್ಕಾಗಿ ಹೋಗುವವರು ಅನುಮತಿ ಪಡೆದಿರಬೇಕು. ಚಾರಣಕ್ಕೆ ದಿನವೊಂದಕ್ಕೆ ಸೀಮಿತ ಸಂಖ್ಯೆಯ ಜನರಿಗೆ ಮಾತ್ರ ಅವಕಾಶವಿದೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಚಾರಣಿಗರ ಭಾರಿ ದಟ್ಟಣೆ ಉಂಟಾದ ನಂತರ, ಅರಣ್ಯ ಪ್ರದೇಶದ ಚಾರಣಗಳಿಗೆ ಆನ್‌ಲೈನ್ ಕಾಯ್ದಿರಿಸುವಿಕೆಯನ್ನು ಬಿಗಿಗೊಳಿಸಲಾಯಿತು. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಅಂತರಜಾಲ ತಾಣದಲ್ಲಿ ಗುರುತಿನ ಚೀಟಿಯ ವಿವರ ನೀಡಿ ಟಿಕೆಟ್ ಪಡೆಯಬೇಕು. ಶುಲ್ಕ, ಸಮಯ ಹಾಗೂ ಮಾರ್ಗಗಳು ಕಾಲಕಾಲಕ್ಕೆ ಬದಲಾಗುವುದರಿಂದ ಹೊರಡುವ ಮುನ್ನ ಖಚಿತಪಡಿಸಿಕೊಳ್ಳಬೇಕು. ಸ್ಥಳಕ್ಕೆ ಬಂದ ಮೇಲೆ ಟಿಕೆಟ್ ದೊರೆಯುವುದೆಂಬ ಭರವಸೆಯಿಂದ ದೂರದಿಂದ ಬರುವುದು ಸೂಕ್ತವಲ್ಲ.

ರಸ್ತೆಯ ಮೂಲಕ ಹಾದುಹೋಗುವ ವಾಹನಗಳಿಗೆ ತಪಾಸಣಾ ಠಾಣೆಯಲ್ಲಿ ಸಮಯ ನಮೂದಿಸಿದ ಚೀಟಿಯನ್ನು ನೀಡುವ ವ್ಯವಸ್ಥೆಯಿದೆ. ನಿಗದಿತ ಅವಧಿಯೊಳಗೆ ಇನ್ನೊಂದು ಠಾಣೆಯನ್ನು ತಲುಪಬೇಕು. ದಾರಿಯಲ್ಲಿ ವಾಹನ ನಿಲ್ಲಿಸಿ ಅಡುಗೆ ಮಾಡುವುದು, ಊಟ ಮಾಡಿ ಎಲೆ ಬಿಸಾಡುವುದು, ತೊರೆಗಿಳಿದು ಸ್ನಾನ ಮಾಡುವುದು ಇತ್ಯಾದಿಗಳಿಗೆ ಅವಕಾಶವಿಲ್ಲ.

ಪ್ರವಾಸಿಗರು ಪಾಲಿಸಬೇಕಾದ ನಿಯಮಗಳು

1. ಬೆಂಕಿ ಹಚ್ಚುವುದು, ಧೂಮಪಾನ ಮಾಡುವುದು ನಿಷಿದ್ಧ. ಒಂದು ಬೀಡಿಯ ತುಂಡಿನಿಂದ ಬೇಸಿಗೆಯಲ್ಲಿ ಇಡೀ ಗುಡ್ಡದ ಹುಲ್ಲು ಸುಟ್ಟುಹೋಗಬಹುದು.

2. ಗುರುತಿಸಿದ ಕಾಲುದಾರಿಯನ್ನು ಬಿಟ್ಟು ನಡೆಯಬಾರದು. ಹುಲ್ಲು ಸವೆದ ಅಡ್ಡದಾರಿಯು ಮಳೆಗಾಲದಲ್ಲಿ ಕೊರಕಲಾಗುತ್ತದೆ. ಇದೇ ಕಾರಣದಿಂದ ಹುಲ್ಲುಗಾವಲಿನ ಮೇಲೆ ವಾಹನ ಓಡಿಸುವುದು ಅಪರಾಧ.

3. ತೊರೆಗಳಲ್ಲಿ ಸಾಬೂನು, ಶಾಂಪೂ ಬಳಸಬಾರದು. ಪಾತ್ರೆ, ವಾಹನಗಳನ್ನು ತೊಳೆಯಬಾರದು. ಪೂಜೆಯ ನಂತರ ಬಟ್ಟೆ, ಹೂವು, ತೆಂಗಿನಕಾಯಿಗಳನ್ನು ನೀರಿಗೆ ಬಿಡಬಾರದು.

4. ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ ಮೊದಲಾದವುಗಳನ್ನು ರಾಜ್ಯದಲ್ಲಿ 2016ರಲ್ಲಿಯೇ ನಿಷೇಧಿಸಲಾಗಿದೆ. ಒಯ್ದ ಬಾಟಲಿ, ಹೊದಿಕೆಗಳನ್ನು ಮರಳಿ ತರಬೇಕು.

5. ಮದ್ಯಪಾನ ಹಾಗೂ ಧ್ವನಿವರ್ಧಕಗಳ ಬಳಕೆಗೆ ಅವಕಾಶವಿಲ್ಲ. ಡ್ರೋನ್ ಹಾರಿಸಲು ಪ್ರತ್ಯೇಕ ಅನುಮತಿ ಅಗತ್ಯ.

6. ಕೋತಿಗಳಿಗೆ ಆಹಾರ ನೀಡಬಾರದು. ರಸ್ತೆಬದಿಯ ತಿನಿಸಿಗೆ ಒಗ್ಗಿದ ಪ್ರಾಣಿಗಳು ವಾಹನಗಳಿಗೆ ಸಿಲುಕಿ ಸಾಯುತ್ತವೆ.

7. ಗಿಡ, ಹೂವು, ಸೀತಾಳೆ ದಂಡೆ, ಕಲ್ಲು ಮುಂತಾದ ಯಾವುದನ್ನೂ ತೆಗೆದುಕೊಂಡು ಹೋಗಬಾರದು.

8. ಸ್ಥಳೀಯ ನಿವಾಸಿಗಳ ಮನೆ, ತೋಟಗಳನ್ನು ಅನುಮತಿಯಿಲ್ಲದೆ ಪ್ರವೇಶಿಸಬಾರದು. ಅವರ ಕುಡಿಯುವ ನೀರಿನ ಕೊಳವೆಗಳಿಗೆ ಧಕ್ಕೆ ಮಾಡಬಾರದು.

ಆರೋಗ್ಯ ಮತ್ತು ಸುರಕ್ಷತೆ

ಬಯಲುಸೀಮೆಯಿಂದ ಬರುವವರು ಮಲೆನಾಡಿನ ಕೆಲವು ಅಪಾಯಗಳನ್ನು ಮುಂಚಿತವಾಗಿ ತಿಳಿದಿರಬೇಕು. ಇಂಬಳದ ಕಡಿತವು ಸಾಮಾನ್ಯವಾಗಿ ಅಪಾಯಕಾರಿಯಲ್ಲ. ಉಪ್ಪು ಅಥವಾ ಸುಣ್ಣ ಸೋಕಿಸಿದರೆ ಅದು ಉದುರುತ್ತದೆ. ಉಣುಗುಗಳ ವಿಚಾರದಲ್ಲಿ ಮಾತ್ರ ವಿಶೇಷ ಎಚ್ಚರಿಕೆ ಅಗತ್ಯ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯು ಉಣುಗುಗಳ ಕಡಿತದಿಂದ ಹರಡುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದಲ್ಲಿಯೂ ಇದು ಕಾಣಿಸಿಕೊಂಡಿದೆ. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಇದರ ಹಾವಳಿ ಹೆಚ್ಚು. ಆದುದರಿಂದ ಮೈ ಪೂರ್ತಿ ಮುಚ್ಚುವ ಉಡುಪು ಧರಿಸುವುದು, ಒಣ ಎಲೆಗಳ ಮೇಲೆ ಕುಳಿತುಕೊಳ್ಳದಿರುವುದು, ಹಿಂದಿರುಗಿದೊಡನೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಬದಲಿಸುವುದು ಒಳ್ಳೆಯದು. ಸತ್ತ ಮಂಗ ಕಂಡುಬಂದರೆ ಮುಟ್ಟದೆ ಅರಣ್ಯ ಅಥವಾ ಆರೋಗ್ಯ ಸಿಬ್ಬಂದಿಗೆ ತಿಳಿಸಬೇಕು. ಊರಿಗೆ ಮರಳಿದ ಮೇಲೆ ಜ್ವರ, ತೀವ್ರ ತಲೆನೋವು ಕಾಣಿಸಿಕೊಂಡರೆ ಮಲೆನಾಡಿಗೆ ಹೋಗಿ ಬಂದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಜಲಪಾತಗಳ ಬಂಡೆಗಳು ಪಾಚಿಯಿಂದ ಜಾರುತ್ತವೆ. ಫೋಟೋ ತೆಗೆಯುವ ಸಲುವಾಗಿ ಅಂಚಿಗೆ ಹೋಗಬಾರದು. ಬೆಟ್ಟದ ಮೇಲೆ ಮಳೆಯಾದರೆ ಕೆಳಗೆ ಬಿಸಿಲಿದ್ದರೂ ಹಳ್ಳದಲ್ಲಿ ನೀರು ಒಮ್ಮೆಲೇ ಏರುತ್ತದೆ. ಉದ್ಯಾನದ ಬಹುಭಾಗದಲ್ಲಿ ಮೊಬೈಲ್ ಸಂಪರ್ಕ ದೊರೆಯು‌ವುದಿಲ್ಲ. ವಾಹನಕ್ಕೆ ಇಂಧನವನ್ನು ಶೃಂಗೇರಿ, ಕಳಸ ಅಥವಾ ಕಾರ್ಕಳದಲ್ಲಿಯೇ ತುಂಬಿಸಿಕೊಳ್ಳಬೇಕು. ಪ್ರತಿನಿತ್ಯದ ಔಷಧಿ, ಕುಡಿಯುವ ನೀರು ಹಾಗೂ ಬೆಚ್ಚನೆಯ ಉಡುಪು ಜೊತೆಯಲ್ಲಿರಲಿ. ಸಂಪರ್ಕ ಲಭ್ಯವಿರುವ ಕಡೆ ತುರ್ತು ಸಹಾಯಕ್ಕಾಗಿ 112 ಸಂಖ್ಯೆಗೆ ಕರೆ ಮಾಡಬಹುದು.

ಶಾಲಾ ಪ್ರವಾಸಗಳ ಗಮನಕ್ಕೆ

ಹಾವೇರಿ ಜಿಲ್ಲೆಯ ಶಾಲೆಗಳಿಂದ ಶೃಂಗೇರಿ, ಹೊರನಾಡು ಕಡೆಗೆ ಪ್ರವಾಸ ಹೋಗುವ ತಂಡಗಳು ಉದ್ಯಾನದ ರಸ್ತೆಯನ್ನು ಬಳಸುವುದುಂಟು. ಇಂತಹ ತಂಡಗಳ ಶಿಕ್ಷಕರು ನದಿಯ ಹಾದಿಯನ್ನು ತೋರಿಸುವ ಜಿಲ್ಲಾ ನಕಾಶೆಗಳನ್ನು ಜೊತೆಗೆ ಒಯ್ದು, ಹರಿಹರ, ಕೂಡಲಿ, ಶೃಂಗೇರಿ ಹಾಗೂ ಕೆರೆಕಟ್ಟೆಗಳಲ್ಲಿ ನದಿಯ ಅಗಲ ಮತ್ತು ನೀರಿನ ಬಣ್ಣದಲ್ಲಿ ಕಾಣುವ ವ್ಯತ್ಯಾಸವನ್ನು ಮಕ್ಕಳಿಂದ ಬರೆಯಿಸಿದರೆ ಪಠ್ಯದ ಜಲಚಕ್ರವು ಪ್ರತ್ಯಕ್ಷವಾಗಿ ಮನದಟ್ಟಾಗುತ್ತದೆ. ಮಕ್ಕಳನ್ನು ನೀರಿಗೆ ಇಳಿಸಬಾರದು. ಊಟದ ವ್ಯವಸ್ಥೆಯನ್ನು ಉದ್ಯಾನದ ಹೊರಗೆ ಮಾಡಿಕೊಳ್ಳಬೇಕು.

ಸಾರ್ವಜನಿಕರಲ್ಲಿ ಮನವಿ

ಕುದುರೆಮುಖದಲ್ಲಿ ಗಣಿಗಾರಿಕೆ ನಿಂತು ಎರಡು ದಶಕಗಳು ಕಳೆದಿವೆ. ಅಗೆದ ಗುಡ್ಡಗಳಲ್ಲಿ ಗಿಡಗಳನ್ನು ನೆಡಲಾಗಿದ್ದರೂ ಮೂಲದ ಹುಲ್ಲುಗಾವಲು ಪೂರ್ಣವಾಗಿ ಮರಳಿ ಬರಲು ದೀರ್ಘ ಕಾಲ ಬೇಕು. ಈಗ ಅಲ್ಲಿಗೆ ಬರುವ ಪ್ರವಾಸಿಗರ ಸಂಖ್ಯೆ ಹೆಚ್ಚುತ್ತಿದ್ದು, ಒಬ್ಬೊಬ್ಬರ ಅಜಾಗರೂಕತೆ ಚಿಕ್ಕದಾಗಿ ಕಂಡರೂ ಒಟ್ಟು ಪರಿಣಾಮ ಚಿಕ್ಕದಲ್ಲ. ಉಗಮಸ್ಥಾನದಲ್ಲಿ ನೀರಿಗೆ ಬಿದ್ದ ಕಸವೂ ಗುಡ್ಡದಿಂದ ಸಡಿಲಗೊಂಡ ಮಣ್ಣೂ ಶೃಂಗೇರಿ, ಕಳಸ, ಶಿವಮೊಗ್ಗ, ಹರಿಹರ ಹಾಗೂ ಗಳಗನಾಥಗಳ ಕಡೆಗೇ ಹರಿದು ಬರುತ್ತವೆ. ಆದುದರಿಂದ ಹಾವೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳ ಪ್ರವಾಸಿಗರು ತಮ್ಮ ಊರಿನ ಕುಡಿಯುವ ನೀರಿನ ಮೂಲವನ್ನು ನೋಡಲು ಹೋಗುತ್ತಿರುವುದೆಂದು ಭಾವಿಸಿ, ಮೇಲ್ಕಂಡ ನಿಯಮಗಳನ್ನು ಪಾಲಿಸಿ ಅರಣ್ಯ ಸಿಬ್ಬಂದಿಯೊಂದಿಗೆ ಸಹಕರಿಸಬೇಕೆಂದು ಕೋರಲಾಗಿದೆ.